ಮೇಜಿನ ಮೇಲಿದ್ದವರು

ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶನದ ‘ದಿ ನಿಕ್’ ಧಾರಾವಾಹಿ (2014–15) ಶುರುವಾಗುವುದು 1900ರ ನ್ಯೂಯಾರ್ಕಿನ ನಿಕರ್‌ಬಾಕರ್ ಆಸ್ಪತ್ರೆಯಲ್ಲಿ. ಮೊದಲ ಕಂತಿನ ಶಸ್ತ್ರಚಿಕಿತ್ಸೆ ಕಣ್ಣಿಂದ ಮಾಸುವುದಿಲ್ಲ. ಸುತ್ತಲೂ ನೋಡುತ್ತ ಕೂತ ವೈದ್ಯರು, ನಡುವೆ ಮೇಜಿನ ಮೇಲೆ ಗರ್ಭಿಣಿ. ಕೈಯಲ್ಲಿ ತಿರುಗಿಸುವ ಪಂಪು ರಕ್ತವನ್ನು ಗಾಜಿನ ಬಾಟಲಿಗೆ ಎಳೆಯುತ್ತಿದೆ. ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಹಿರಿಯ ಸರ್ಜನ್ ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಳ್ಳುತ್ತಾನೆ.

ಆತನ ಶವಸಂಸ್ಕಾರದಲ್ಲಿ ಭಾಷಣವಾಗುತ್ತದೆ. ಆ ತಾಯಿಯ ಬಗ್ಗೆ ಯಾರು ಮಾತಾಡಿದರು? ಈ ಪ್ರಶ್ನೆ ಕೊನೆಯ ಕಂತಿನವರೆಗೂ ನನ್ನನ್ನು ಬಿಡಲಿಲ್ಲ.

ನಾಯಕ, ಸರ್ಜನ್ ಥ್ಯಾಕರಿಯ ಪಾತ್ರಕ್ಕೆ ಸ್ಫೂರ್ತಿ ನಿಜಜೀವನದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್. ಕೊಕೇನ್ ಚುಚ್ಚಿ ನರವನ್ನು ಮರಗಟ್ಟಿಸಬಹುದೇ ಎಂದು 1884ರ ಸುಮಾರಿಗೆ ತಮ್ಮ ಮೇಲೇ ಪ್ರಯೋಗಿಸಿಕೊಂಡು ವ್ಯಸನಿಯಾದವರು. ಆಪರೇಷನ್ ಕೋಣೆಗೆ ರಬ್ಬರ್ ಕೈಗವಸು ತಂದವರೂ ಅವರೇ. ಆ ಎದೆಗಾರಿಕೆಗೆ ತಲೆಬಾಗಬೇಕು. ಆದರೆ ತನ್ನ ಮೈಯನ್ನು ಪಣಕ್ಕಿಡುವುದು ಬೇರೆ, ಪರರ ಮೈಯನ್ನು ಇಡುವುದು ಬೇರೆ. ಥ್ಯಾಕರಿ ಕೊಕೇನ್ ಅಮಲಿನಲ್ಲಿ ತನ್ನ ರಕ್ತವನ್ನೇ ಬಾಲಕಿಯೊಬ್ಬಳಿಗೆ ಹರಿಸುತ್ತಾನೆ, ಅವಳು ಸಾಯುತ್ತಾಳೆ. ರಕ್ತದಲ್ಲಿ ಗುಂಪುಗಳಿವೆ ಎಂಬ ವಿಜ್ಞಾನಿ ಲ್ಯಾಂಡ್‌ಸ್ಟೈನರ್ ಅವರ ಶೋಧ ಆಗಷ್ಟೇ ಹೊರಬರುತ್ತಿತ್ತು. ಥ್ಯಾಕರಿಗೆ ಅದೊಂದು ಪ್ರಯೋಗ, ಅವಳಿಗೆ ಇದ್ದ ಒಂದೇ ಜೀವ.

ಇನ್ನೊಬ್ಬ ಸರ್ಜನ್ ಎಡ್ವರ್ಡ್ಸ್ ಕಪ್ಪುವರ್ಣೀಯ. ಯುರೋಪಿನಲ್ಲಿ ಪಳಗಿ ಬಂದ ಆತ ಬಿಳಿಯರ ಆಸ್ಪತ್ರೆ ಮುಟ್ಟದ ರೋಗಿಗಳಿಗೆ ನೆಲಮಾಳಿಗೆಯಲ್ಲಿ ಕದ್ದು ಚಿಕಿತ್ಸೆ ನೀಡುತ್ತಾನೆ. ವಿದ್ಯೆ ಬೆಳೆದ ಮಾತ್ರಕ್ಕೆ ಅದು ಎಲ್ಲರಿಗೂ ದಕ್ಕುವುದಿಲ್ಲ.

ಶಸ್ತ್ರಚಿಕಿತ್ಸೆಯನ್ನು ಮನುಷ್ಯರದ್ದಾಗಿಸಿದ್ದು ಕತ್ತಿಯ ಚಳಕವೊಂದೇ ಅಲ್ಲ, ಮಲಗಿದವರ ಮಾತಿಗೆ ಸಿಕ್ಕ ಬೆಲೆ ಕೂಡ. ಧಾರಾವಾಹಿಯ ಆಚೆ, ನಿಜಜೀವನದಲ್ಲಿ, ಅದೇ ನ್ಯೂಯಾರ್ಕಿನಲ್ಲಿ ಮಹಿಳೆಯೊಬ್ಬರು ಪರೀಕ್ಷೆಗಷ್ಟೇ ಒಪ್ಪಿದ್ದರು. ಪ್ರಜ್ಞೆ ತಪ್ಪಿಸಿ ಗೆಡ್ಡೆಯನ್ನೇ ತೆಗೆದರು. ಆಕೆ ಆಸ್ಪತ್ರೆಯ ಮೇಲೆ ಹೂಡಿದ ದಾವೆ ಸೋತಿತು. ಆದರೆ 1914ರ ಆ ತೀರ್ಪಿನಲ್ಲೇ ನ್ಯಾಯಮೂರ್ತಿ ಕಾರ್ಡೋಜೊ, ತನ್ನ ದೇಹಕ್ಕೆ ಏನಾಗಬೇಕೆಂದು ತೀರ್ಮಾನಿಸುವ ಹಕ್ಕು ಆಯಾ ವ್ಯಕ್ತಿಯದೇ ಎಂದರು. ತಪಾಸಣೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಸಾಲದೆಂದು ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು.

ಇಷ್ಟು ದುಬಾರಿ ಬೆಲೆಗೆ ಬಂದ ಒಪ್ಪಿಗೆ ಪತ್ರವನ್ನು ನಾವು ‘ಎಲ್ಲಿ ಸಹಿ ಹಾಕಬೇಕು?’ ಎಂದಷ್ಟೇ ಕೇಳಿ ಮುಗಿಸುತ್ತೇವೆ. ದಯವಿಟ್ಟು ಕೂತು ಓದಿ. ತಿಳಿಯದಿದ್ದರೆ ಕನ್ನಡದಲ್ಲಿ ಹೇಳಿ ಎಂದು ವೈದ್ಯರನ್ನು ಕೇಳಿ. ಆಮೇಲೆ ಸಹಿ ಹಾಕಿ.