ಕಂಡವನ ಹೊಣೆ

ಆಪತ್ತಿನಲ್ಲಿರುವವರ ಕರೆಯನ್ನು ಕಂಡೂ ಒಬ್ಬನು ಏಳಲಿಲ್ಲ. ಎದ್ದು ಹೋಗಿದ್ದರೂ ಆ ಜೀವಗಳು ಉಳಿಯುತ್ತಿರಲಿಲ್ಲವೆಂದು ಮುಂದೆ ತಿಳಿದುಬಂದಿತು. ಅಷ್ಟರಿಂದಲೇ ಏಳದವನ ದೋಷವು ಅಳಿದುಹೋಗುವುದೆ? ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಇಂಗ್ಲೆಂಡಿನಲ್ಲಿ 80 ವರ್ಷಗಳ ಕಾಲ ಇದರ ಸುತ್ತಲೇ ವಾದ ನಡೆದುದುಂಟು.

1912ನೆಯ ಇಸವಿ ಏಪ್ರಿಲ್ 14ರ ರಾತ್ರಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಟೈಟಾನಿಕ್ ಎಂಬ ಮಹಾನೌಕೆಯು ಹಿಮದ ಬೆಟ್ಟಕ್ಕೆ ತಾಗಿ ಮೂರು ಗಂಟೆಯೊಳಗೆ ಮುಳುಗಿತು. ಸುಮಾರು 1500 ಜನರು ಮಡಿದರು. 58 ಮೈಲು ದೂರದಲ್ಲಿದ್ದ ಕಾರ್ಪೇಥಿಯಾ ಹಡಗು ನಿಸ್ತಂತುವಿನ ಮೊರೆ ಕೇಳಿದೊಡನೆ ಹಿಮರಾಶಿಯ ನಡುವೆಯೇ ಧಾವಿಸಿ ಬಂದು, ದೋಣಿಗಳಲ್ಲಿದ್ದ 700ಕ್ಕೂ ಮಿಕ್ಕಿದವರನ್ನು ಎತ್ತಿಕೊಂಡಿತು. ಅದಕ್ಕಿಂತ ಬಹು ಹತ್ತಿರದಲ್ಲಿ, ಹಿಮದ ಅಪಾಯಕ್ಕಂಜಿ, ಕ್ಯಾಲಿಫೋರ್ನಿಯನ್ ಎಂಬ ಹಡಗು ನಿಂತಿತ್ತು. ಅದರ ಪಹರೆಯವರು ಆಕಾಶಕ್ಕೇರಿದ ಬಿಳಿಯ ಬಾಣಗಳನ್ನು ಕಂಡರು. ಮಲಗಿದ್ದ ಕಪ್ತಾನ ಸ್ಟ್ಯಾನ್ಲಿ ಲಾರ್ಡನಿಗೆ ತಿಳಿಸಿದರು. ದೀಪದಿಂದ ಸಂಜ್ಞೆ ಮಾಡಿ ನೋಡುವಂತೆ ಆತನು ಹೇಳಿದನು. ನಿಸ್ತಂತು ನಡೆಸುವವನು ನಿದ್ರೆಯಲ್ಲಿದ್ದನು. ಅವನನ್ನು ಬೆಳಗಿನವರೆಗೆ ಯಾರೂ ಎಬ್ಬಿಸಲಿಲ್ಲ.

ಆ ಹಡಗು ಹೊರಟಿದ್ದರೆ ಎಲ್ಲರಲ್ಲದಿದ್ದರೂ ಅನೇಕರು ಬದುಕುತ್ತಿದ್ದರೆಂದು ಅದೇ ವರ್ಷ ವಿಚಾರಣೆ ನಡೆಸಿದ ನ್ಯಾಯಾಧಿಪತಿ ಮರ್ಸಿಯವರು ನಿರ್ಣಯಿಸಿದರು. ತಮ್ಮ ನಡುವಿನ ಅಂತರವು 19 ಮೈಲುಗಳಷ್ಟಿತ್ತು, ತನ್ನವರು ಕಂಡುದು ಬೇರೊಂದು ಹಡಗನ್ನು ಎಂದು ವಾದಿಸಿದ ಕಪ್ತಾನನು 1962ರಲ್ಲಿ ಸಾಯುವವರೆಗೂ ಆ ಕಳಂಕವನ್ನು ಒಪ್ಪಲಿಲ್ಲ. 1985ರಲ್ಲಿ ಹಡಗಿನ ಅವಶೇಷವು ಸಮುದ್ರತಳದಲ್ಲಿ ದೊರೆತ ಮೇಲೆ 1992ರಲ್ಲಿ ಸರಕಾರದ ಪುನರ್ವಿಮರ್ಶೆ ಹೊರಬಂದಿತು. ಅಂತರವು 17ರಿಂದ 20 ಮೈಲುಗಳಿದ್ದಿರಬಹುದು, ಹೊರಟಿದ್ದರೂ ತಲುಪುವಷ್ಟರಲ್ಲಿ ನೌಕೆ ಮುಳುಗಿರುತ್ತಿತ್ತು. ಆದರೆ ಬಾಣಗಳನ್ನು ಕಂಡುದು ನಿಜ, ಮಾಡಬೇಕಾದುದನ್ನು ಮಾಡದಿದ್ದುದೂ ನಿಜ ಎಂದು ಅದು ಹೇಳಿತು.

ಇಲ್ಲಿಯೇ ವಿಚಾರವಂತರು ತಡೆದು ನಿಲ್ಲಬೇಕು. 1500 ಜನರ ಸಾವನ್ನು ಒಬ್ಬನ ತಲೆಯ ಮೇಲೆ ಹೊರಿಸಿದುದು ಅನ್ಯಾಯವೇ ಸರಿ. ಹಿಮದ ನಡುವೆ ತನ್ನ ಹಡಗನ್ನು ನಿಲ್ಲಿಸಿದುದು ಅವನ ವಿವೇಕ. ಆದರೆ ಮೈಲುಗಳ ಲೆಕ್ಕದಿಂದ ಅವನನ್ನು ಬಿಡುಗಡೆ ಮಾಡುವವರು ಒಂದನ್ನು ಮರೆಯುತ್ತಾರೆ: ಆ ರಾತ್ರಿ ಆ ಲೆಕ್ಕವು ಯಾರಿಗೂ ಗೊತ್ತಿರಲಿಲ್ಲ. ಹೋದರೆ ಫಲವಿಲ್ಲವೆಂದು ತಿಳಿದು ಅವರು ಸುಮ್ಮನಿದ್ದವರಲ್ಲ. ಕಾರಣವಿಲ್ಲದೆ ಹಡಗು ಬಾಣ ಹಾರಿಸದೆಂಬ ಮಾತು ಪಹರೆಯವರ ನಡುವೆಯೇ ಬಂದಿತ್ತೆಂದು ಸಾಕ್ಷ್ಯವಿದೆ. ಅರಿವು ಇತ್ತು, ಅದು ಆಚಾರಕ್ಕಿಳಿಯಲಿಲ್ಲ. ಮೇಲಿನವನಿಗೆ ತಿಳಿಸಿದೊಡನೆ ತನ್ನ ಹೊಣೆ ತೀರಿತೆಂದು ಕಿರಿಯನು ಬಗೆದನು. ಕಿರಿಯನು ನೋಡಿಕೊಳ್ಳುವನೆಂದು ಹಿರಿಯನು ಮಲಗಿದನು. ಮನೆಗಳಲ್ಲಿಯೂ ಇಂಥದು ಅಪರೂಪವಲ್ಲ.

ಅವರಿಂದ ಆಗಬೇಕಾಗಿದ್ದುದು ಸಾಹಸವೇನೂ ಅಲ್ಲ, ಮಲಗಿದ್ದ ಒಬ್ಬನನ್ನು ಎಬ್ಬಿಸುವುದು. ಬೆಳಗಿನ ಜಾವ ಅವನನ್ನು ಎಬ್ಬಿಸಿದಾಗ, ಟೈಟಾನಿಕ್ ಮುಳುಗಿದ ಸುದ್ದಿ ತಿಳಿಯಲು ಕೆಲವೇ ನಿಮಿಷಗಳು ಹಿಡಿದವು.