ಕಣ್ಣೆದುರಿನ ಅಂಕಿ ಯಾರದ್ದು?

ಅಪಾಯದ ಸೂಚನೆ ಕಣ್ಣೆದುರಿಗೇ ಇದ್ದರೆ ಮನುಷ್ಯ ಎಚ್ಚರವಾಗಿರುತ್ತಾನೆ ಎಂದು ನಾವೆಲ್ಲ ನಂಬಿದ್ದೇವೆ. ಶಾಲೆಯ ಗೋಡೆಯ ಮೇಲೆ ನೀತಿವಾಕ್ಯ ಬರೆಸುವುದು, ಬಸ್ಸಿನಲ್ಲಿ ಕೈ ಹೊರಗೆ ಹಾಕಬೇಡಿ ಎಂದು ಬರೆಸುವುದು, ಬೀಡಿ ಕಟ್ಟಿನ ಮೇಲೆ ರೋಗದ ಚಿತ್ರ ಅಚ್ಚು ಹಾಕಿಸುವುದು, ಎಲ್ಲ ಅದೇ ನಂಬಿಕೆಯಿಂದ. ಕಂಡರೆ ಸಾಕು, ಉಳಿದದ್ದು ತನ್ನಿಂತಾನೇ ಆಗ್ತದೆ ಅಂತ. ಈ ನಂಬಿಕೆಯನ್ನು ಅದರ ಕೊನೆಯ ತುದಿಯವರೆಗೆ ಕೊಂಡುಹೋದ ಒಂದು ಯಂತ್ರ ಉಂಟು. ಅದು ನಮ್ಮ ಊರಿನದ್ದಲ್ಲ, ನಮ್ಮಲ್ಲಿ ಯಾರೂ ಬಳಸುವುದೂ ಇಲ್ಲ. ಆದರೂ ಅದರ ಬಗ್ಗೆ ಓದಿದ ಮೇಲೆ ನನಗೆ ಬಂದ ಪ್ರಶ್ನೆ ಊರಿನದ್ದೇ ಎಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಪ್ರವಾಸಿಗರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನು ನೋಡಲಿಕ್ಕೆ ಇಳಿಯುತ್ತಾರಲ್ಲ, ಅದಕ್ಕೆ ಸ್ಕೂಬಾ ಎನ್ನುತ್ತಾರೆ. ಅಲ್ಲಿ ಏನಾದರೂ ತೊಂದರೆಯಾದರೆ ನಿಧಾನವಾಗಿ ನೇರ ಮೇಲೆ ಬರಬಹುದು. ನಾನು ಹೇಳುವುದು ಅದರ ದೊಡ್ಡಣ್ಣನ ಸಂಗತಿ. ಟೆಕ್ನಿಕಲ್ ಡೈವಿಂಗ್ ಎಂದು ಅದರ ಹೆಸರು. ನೀರು ತುಂಬಿದ ಗುಹೆಗಳು, ಸಮುದ್ರದ ತಳದಲ್ಲಿ ಮಲಗಿದ ಹಡಗುಗಳು, ನೂರು ಮೀಟರಿಗಿಂತಲೂ ಆಳ. ಇಲ್ಲಿ ಇಳಿದವನು ಹೆದರಿಕೆಯಾಯಿತು ಅಂತ ಮೇಲೆ ಓಡಿ ಬರುವ ಹಾಗಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಿನ ಅನಿಲಗಳು ರಕ್ತ ಮಾಂಸದಲ್ಲಿ ಕರಗಿ ಕೂತುಕೊಳ್ಳುತ್ತವೆ. ಸೋಡಾ ಬಾಟ್ಲಿಯ ಮುಚ್ಚಳ ತಟ್ಟನೆ ತೆಗೆದರೆ ಏನಾಗುತ್ತದೆಂದು ಗೊತ್ತಲ್ಲ, ಬೇಗ ಮೇಲೆ ಬಂದವನ ಮೈಯೊಳಗೆ ಆಗುವುದೂ ಅದೇ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಮತ್ತು ಅವರ ಸಂಗಡಿಗರು ಆಡುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ನಿಂತು ನಿಂತು ಬರಬೇಕು ಎಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಇಂದು ಆ ಲೆಕ್ಕವನ್ನು ಮುಂಗೈಗೆ ಕಟ್ಟುವ ವಾಚಿನಂಥ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಮಾಡುತ್ತದೆ.

ಈಗ ಆ ಕಂಪ್ಯೂಟರ್ ಕೈಯಿಂದ ಕಣ್ಣಿಗೆ ಬಂದಿದೆ. ಸ್ಕೂಬಾಪ್ರೊ ಕಂಪೆನಿಯ ಗೆಲಿಲಿಯೊ ಹಡ್ ಎಂಬುದನ್ನು ಮಾಸ್ಕಿಗೇ ಸಿಕ್ಕಿಸುತ್ತಾರೆ. ಕೆನಡಾದ ಶಿಯರ್‌ವಾಟರ್ ಕಂಪೆನಿಯ ನರ್ಡ್ ಎಂಬುದು ಬಾಯಿಗೆ ಕಚ್ಚುವ ಕೊಳವೆಯ ಹತ್ತಿರ, ಒಂದು ಕಣ್ಣಿನ ಮುಂದೆ ಕೂರುತ್ತದೆ. ಯುದ್ಧ ವಿಮಾನದ ಪೈಲಟ್ಟಿಗೆ ತಲೆ ತಗ್ಗಿಸದೆ ಅಂಕಿಗಳು ಕಾಣಲೆಂದು ಮಾಡಿದ ಹೆಡ್-ಅಪ್ ಡಿಸ್ಪ್ಲೇಯ ವಂಶವೇ ಇದು. ಕಣ್ಣಿಗೆ ಅಷ್ಟು ಹತ್ತಿರ ಹಿಡಿದದ್ದನ್ನು ಯಾರಿಗೂ ಓದಲಿಕ್ಕೆ ಆಗುವುದಿಲ್ಲ. ಆದ್ದರಿಂದ ಒಳಗಿನ ಮಸೂರ ಆ ಪುಟ್ಟ ಪರದೆಯನ್ನು ದೂರದಲ್ಲಿ ತೇಲುವಂತೆ ತೋರಿಸುತ್ತದೆ. (ನಲವತ್ತೈದು ದಾಟಿ ಕನ್ನಡಕಕ್ಕೆ ತಡಕಾಡುವ ನನ್ನಂಥ ಮಾಸ್ತರುಗಳಿಗೆ ಇದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.) ಆಳ, ಹೊತ್ತು, ಮೇಲೆ ಬರಲು ಎಷ್ಟು ನಿಮಿಷ ಬೇಕು, ಎಲ್ಲವೂ ಅಲ್ಲೇ.

ಇದರ ಉಪಯೋಗವನ್ನು ಕಡಿಮೆ ಮಾಡಿ ಹೇಳುವುದು ನ್ಯಾಯವಲ್ಲ. ಗುಹೆಯಲ್ಲಿ ಕಾಲು ತಾಗಿ ಕೆಸರೆದ್ದರೆ ತನ್ನ ಕೈ ತನಗೇ ಕಾಣುವುದಿಲ್ಲ, ಮುಂಗೈಯ ಅಂಕಿ ಎಲ್ಲಿಂದ ಕಾಣಬೇಕು? ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ದಾರಿ ತೋರುವ ಹಗ್ಗ ಇರುವಾಗ ಮೂರನೆಯ ಕೈ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ರಿಬ್ರೀದರ್ ಎಂಬ ಸಾಧನ. ಇದು ಬಿಟ್ಟ ಉಸಿರನ್ನೇ ಸುಣ್ಣದಂಥ ಪದಾರ್ಥದಲ್ಲಿ ಹಾಯಿಸಿ ಇಂಗಾಲದ ಡೈಆಕ್ಸೈಡ್ ತೆಗೆದು, ಬೇಕಾದಷ್ಟು ಆಮ್ಲಜನಕ ಸೇರಿಸಿ ಮತ್ತೆ ಉಸಿರಿಗೆ ಕೊಡುತ್ತದೆ. ಆ ಆಮ್ಲಜನಕದ ಪಾಲನ್ನು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ. ನಾವು ನೆಲದ ಮೇಲೆ ಉಸಿರಾಡುವುದು 0.21. ಅದು 0.16ಕ್ಕಿಂತ ಇಳಿಯುತ್ತಾ ಹೋದರೆ ಉಬ್ಬಸವಿಲ್ಲ, ಕೆಮ್ಮಿಲ್ಲ, ಸುಮ್ಮನೆ ಜ್ಞಾನ ತಪ್ಪುತ್ತದೆ. 1.6 ದಾಟಿದರೆ ಫಿಟ್ಸ್ ಬರುವ ಅಪಾಯ. ನೀರೊಳಗೆ ಫಿಟ್ಸ್ ಬಂದರೆ ಮುಗಿಯಿತು. ಎರಡು ಕಡೆಯೂ ಸಾವು, ಎರಡಕ್ಕೂ ಮೈ ಮುನ್ಸೂಚನೆ ಕೊಡುವುದೆಂಬ ಭರವಸೆಯಿಲ್ಲ. ಅಂಥಲ್ಲಿ ಕಣ್ಣೆದುರು ಒಂದು ಅಂಕಿ ಬೇಡ ಎಂದು ಯಾರು ಹೇಳಿಯಾರು?

ಹಾಗಾದರೆ ಪ್ರಶ್ನೆ ಎಲ್ಲಿಂದ ಬಂತು?

ಮುಂಗೈಯ ಕಂಪ್ಯೂಟರನ್ನು ನೋಡಬೇಕಾದರೆ ಮೊದಲು ಮನಸ್ಸು ಮಾಡಬೇಕು. ಕೈ ಎತ್ತಬೇಕು, ದೀಪ ತಿರುಗಿಸಬೇಕು, ಓದಬೇಕು. ಅಂದರೆ 'ನಾನೀಗ ಎಲ್ಲಿದ್ದೇನೆ?' ಎಂದು ಮನುಷ್ಯ ತನ್ನನ್ನು ತಾನೇ ಕೇಳಿಕೊಂಡ ಹಾಗಾಯಿತು. ಕಣ್ಣೆದುರಿನ ಪರದೆಯಲ್ಲಿ ಕೇಳುವ ಕೆಲಸವೇ ಇಲ್ಲ. ಪ್ರಶ್ನೆಗೆ ಮೊದಲೇ ಉತ್ತರ ಬಂದು ಕೂತಿರುತ್ತದೆ. ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ನಮಗೆ ಕೇಳ್ತದಾ? ಇಲ್ಲ. ನಿಂತಾಗ ಮಾತ್ರ, ಅದೂ ಕೆಲವೊಮ್ಮೆ, ಗೊತ್ತಾಗುತ್ತದೆ. ಯಾವಾಗಲೂ ಇರುವುದು ಇಲ್ಲದ ಹಾಗೆಯೇ ಆಗಿಬಿಡುವುದು ಮನಸ್ಸಿನ ಗುಣ.

ಇದು ಬರೀ ನನ್ನ ಊಹೆಯಲ್ಲ. ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಹೆಡ್-ಅಪ್ ಡಿಸ್ಪ್ಲೇ ಬಗ್ಗೆ ನಡೆಸಿದ ಪರೀಕ್ಷೆಯ ವರದಿ 1980ರಲ್ಲಿ ಬಂತು. ನಿಜವಾದ ವಿಮಾನವಲ್ಲ, ಅದರ ಅಣಕು ಯಂತ್ರದಲ್ಲಿ ಅನುಭವಿ ಪೈಲಟ್‌ಗಳನ್ನು ಕೂರಿಸಿ ಇಳಿಸಲು ಹೇಳಿದರು. ಒಂದು ಸಲ ರನ್‌ವೇ ಮೇಲೆ ಇನ್ನೊಂದು ವಿಮಾನವನ್ನು ಅಡ್ಡ ಇಟ್ಟರು. ಗಾಜಿನ ಮೇಲಿನ ಅಂಕಿಗಳ ಮೂಲಕವೇ ಅದು ಕಾಣಬೇಕು, ಕಣ್ಣು ಅತ್ತಲೇ ನೆಟ್ಟಿದೆ. ಆದರೂ ಕೆಲವರು ಅದನ್ನು ನೋಡಲೇ ಇಲ್ಲ. ಅಂಕಿಗಳಲ್ಲಿ ತೊಡಗಿದ ಮನಸ್ಸಿಗೆ ಅಂಕಿಯ ಹಿಂದಿನ ವಿಮಾನ ಕಾಣಲಿಲ್ಲ. ಕಣ್ಣಿನ ದಾರಿಯಲ್ಲಿರುವುದು ಬೇರೆ, ಗಮನದಲ್ಲಿರುವುದು ಬೇರೆ. ಇದನ್ನು ತರಗತಿಯಲ್ಲಿ ಹಲಗೆ ಮೇಲೆ ಬರೆದು ಪಾಠ ಮಾಡುವ ಯಾರೂ ಒಪ್ಪುತ್ತಾರೆ.

ಆದರೆ ಗಮನದ ಮಾತು ಅರ್ಧ ಮಾತ್ರ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು, ಅದಕ್ಕೆ ದಕ್ಷಿಣ ಆಫ್ರಿಕಾದ ಒಂದು ಘಟನೆಯನ್ನು ಹೇಳಬೇಕು. ಅಲ್ಲಿ ಬೂಸ್‌ಮನ್ಸ್‌ಗಾಟ್ ಎಂಬ ನೀರು ತುಂಬಿದ ಮಹಾಗುಹೆ ಉಂಟು. 1994ರ ಡಿಸೆಂಬರಿನಲ್ಲಿ ಡಿಯಾನ್ ಡ್ರೇಯರ್ ಎಂಬ ತರುಣ ಅಲ್ಲಿ ಮುಳುಗಿ ಸತ್ತ. ಹತ್ತು ವರ್ಷದ ಮೇಲೆ, 2004ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯಾದ ವಿಮಾನ ಪೈಲಟ್ ಡೇವಿಡ್ ಶಾ ಸುಮಾರು 270 ಮೀಟರ್ ಆಳದ ತಳದಲ್ಲಿ ಆ ಶವವನ್ನು ಕಂಡರು. ಅದನ್ನು ತಂದೆತಾಯಿಗೆ ತಂದುಕೊಡಬೇಕೆಂದು 2005ರ ಜನವರಿ 8ರಂದು ಮತ್ತೆ ಇಳಿದರು. ತಳದಲ್ಲಿ ಹಗ್ಗ ತೊಡರಿತು, ಬಿಡಿಸಲು ಶ್ರಮಪಟ್ಟರು. ತಲೆಗೆ ಕಟ್ಟಿದ ಕ್ಯಾಮೆರಾದಲ್ಲಿ ಅವರ ಉಸಿರಿನ ಸದ್ದು ಉಳಿದಿತ್ತು. ಆ ಉಸಿರು ಹೇಗೆ ಏರುತ್ತಾ ಹೋಯಿತೆಂದು ಕೇಳಿದ ತಜ್ಞರು, ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಜ್ಞಾನ ತಪ್ಪಿತು ಎಂದು ತೀರ್ಮಾನಿಸಿದರು. ಆಳದ ಅಂಕಿ ಇತ್ತು, ಹೊತ್ತಿನ ಅಂಕಿ ಇತ್ತು. ಅವರ ರಕ್ತದಲ್ಲಿ ಏರುತ್ತಿದ್ದ ಡೈಆಕ್ಸೈಡಿಗೆ ಅಂಕಿ ಇರಲಿಲ್ಲ. ಅದು ಕೇಳುತ್ತಿದ್ದದ್ದು ಅವರ ಉಸಿರಿನಲ್ಲಿ.

ಮೇಲೆ ಕಾಯುತ್ತಿದ್ದ ಗೆಳೆಯ ಡಾನ್ ಶರ್ಲಿ ಭೇಟಿಯಾಗಬೇಕಾದ ಆಳಕ್ಕೆ ಇಳಿದು ಬಂದಾಗ, ಶಾ ಅವರ ದೀಪ ಕೆಳಗೆ ಅಲುಗಾಡದೆ ನಿಂತದ್ದು ಕಂಡಿತು. ಅವರು ಇನ್ನೂ ಕೆಳಗಿಳಿದರು. ಅಲ್ಲಿನ ಒತ್ತಡಕ್ಕೆ ಅವರ ರಿಬ್ರೀದರಿನ ಕಂಪ್ಯೂಟರ್ ಒಡೆಯಿತು. ಯಂತ್ರ ಮಾಡುತ್ತಿದ್ದ ಕೆಲಸವನ್ನು ಕೈಯಿಂದಲೇ ಮಾಡುತ್ತಾ ಅವರು ಹಿಂದೆ ತಿರುಗಿದರು. ಮೇಲೆ ಬರುವ ದಾರಿಯಲ್ಲಿ ಒಳಕಿವಿಗೆ ಪೆಟ್ಟಾಯಿತು. ನೀರಿನಿಂದ ಹೊರಬರಲಿಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಹಿಡಿಯಿತು. ಬದುಕಿದರು, ಆದರೆ ಮೈಯ ಸಮತೋಲ ಮೊದಲಿನಂತೆ ಆಗಲಿಲ್ಲ. ಕೆಲವು ದಿನಗಳಲ್ಲಿ ಎರಡೂ ಶವಗಳು ಹಗ್ಗದ ಜೊತೆ ಮೇಲೆ ಬಂದವು.

ಶಾ ಮಾಡಿದ್ದು ಸರಿಯೋ ತಪ್ಪೋ ಎಂದು ಇಲ್ಲಿ ಕೂತು ನ್ಯಾಯ ಹೇಳುವ ಯೋಗ್ಯತೆ ನನಗಿಲ್ಲ. ಮಗನನ್ನು ಮಣ್ಣು ಮಾಡಲಿಕ್ಕೂ ಸಿಗದ ತಂದೆತಾಯಿಯ ಸಂಕಟ ಸಣ್ಣದಲ್ಲ. ನಾನು ನೋಡುವುದು ಶರ್ಲಿ ಅವರ ಕಡೆಯಿಂದ. ಗೆಳೆಯನ ಸ್ಥಿತಿ ಅವರಿಗೆ ಗೊತ್ತಾದದ್ದು ಯಾವುದರಿಂದ? ಅಲುಗಾಡದ ಒಂದು ದೀಪದಿಂದ. ಒಬ್ಬನ ಅಪಾಯ ಇನ್ನೊಬ್ಬನನ್ನು ಎಳೆದುಕೊಂಡಿತು, ಎಳೆಯದೆ ಇರುವುದಿಲ್ಲ. 'ನನ್ನ ಜೀವ, ನನ್ನ ಇಷ್ಟ' ಎನ್ನುವವರು ಹಗ್ಗದ ಇನ್ನೊಂದು ತುದಿಯನ್ನು ನೋಡುವುದಿಲ್ಲ.

ಈಗ ಕಣ್ಣೆದುರಿನ ಪರದೆಗೆ ಬನ್ನಿ. ಮುಂಗೈಯ ಕಂಪ್ಯೂಟರನ್ನು ಜೊತೆಗಾರ ಹತ್ತಿರ ಬಂದು ಓದಬಹುದು, ನಾನೇ ಕೈ ಚಾಚಿ ತೋರಿಸಬಹುದು. ಮಾಸ್ಕಿನ ಮೇಲಿನ ಪರದೆ ನನ್ನ ಕಣ್ಣಿಗೆ ಮಾತ್ರ. ನನಗೆ ಜ್ಞಾನ ತಪ್ಪುತ್ತಾ ಬಂದರೆ, ಆ ಅಂಕಿ ಯಾರಿಗೆ ಅತ್ಯಗತ್ಯವೋ ಅವನಿಗೆ ಕಾಣದು. ಕಾಣುವವನಿಗೆ ಓದುವ ಶಕ್ತಿಯೇ ಉಳಿದಿರುವುದಿಲ್ಲ. ತಯಾರಕರಿಗೂ ಇದು ಹೊಳೆಯದೆ ಇಲ್ಲ. ಕೆಲವು ರಿಬ್ರೀದರ್‌ಗಳಲ್ಲಿ ಆಮ್ಲಜನಕ ಹೆಚ್ಚುಕಮ್ಮಿಯಾದರೆ ಜೊತೆಗಾರನಿಗೆ ಕಾಣುವ ಹಾಗೆ ಇನ್ನೊಂದು ದೀಪ ಇಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಆ ಸಣ್ಣ ದೀಪ, ಕಣ್ಣೆದುರು ತೇಲುವ ಬಣ್ಣದ ಪರದೆಗಿಂತ ದೊಡ್ಡ ಸಂಗತಿ.

ನಮ್ಮ ಕಾಸರಗೋಡಿನ ಸುರಂಗಗಳನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಎಣ್ಮಕಜೆ, ಬಾಯಾರು ಕಡೆ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆದು ನೀರು ತರುತ್ತಾರೆ. ಕೊರೆಯುವವನು ಒಳಗೆ ದೀಪ ಇಟ್ಟುಕೊಳ್ಳುವುದು ಬೆಳಕಿಗೆ ಮಾತ್ರವಲ್ಲ, ಗಾಳಿ ಉಂಟೋ ಇಲ್ಲವೋ ತಿಳಿಯಲಿಕ್ಕೆ. ಜ್ವಾಲೆ ಮಂಕಾದರೆ ಹಾರೆ ಅಲ್ಲೇ ಬಿಟ್ಟು ಹೊರಗೆ ಬರಬೇಕು. ಆ ದೀಪ ಕೊರೆಯುವವನಿಗೂ ಕಾಣುತ್ತದೆ, ಹಿಂದಿನಿಂದ ಮಣ್ಣು ಹೊರುವವನಿಗೂ ಕಾಣುತ್ತದೆ. 'ದೀಪ ಸಣ್ಣ ಆಯ್ತು, ಬನ್ನಿ ಮಾರಾಯ್ರೆ' ಎಂದು ಹಿಂದಿನವನು ಕೂಗಬಹುದು. ಅಂಕಿ ಇಲ್ಲ, ನಿಖರತೆಯೂ ಇಲ್ಲ. ಆ ದೀಪವನ್ನು ನಂಬಿ ರಿಬ್ರೀದರ್ ಬಿಡಿ ಎಂದು ನಾನು ಹೇಳುವವನಲ್ಲ. ಸೂಚನೆ ಇಬ್ಬರ ನಡುವೆ ಇತ್ತು ಎಂಬುದಷ್ಟೇ ನನ್ನ ಮಾತು.

ಇನ್ನು ಹೊಣೆ. ಯಂತ್ರ ಕಣ್ಣೆದುರು ಬಂದಾಗ ಹೊಣೆ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಆದರೆ ಅದು ದಡಕ್ಕೆ ಜಾರಿದೆ ಅಷ್ಟೆ. ಆಮ್ಲಜನಕ ಅಳೆಯುವ ಸೆನ್ಸಾರ್‌ಗಳಿಗೆ ಆಯುಸ್ಸು ಉಂಟು, ಹಳತಾದರೆ ಸುಳ್ಳು ಹೇಳುತ್ತವೆ. ಸಾಮಾನ್ಯವಾಗಿ ಮೂರು ಇಟ್ಟು, ಎರಡು ಹೇಳಿದ್ದನ್ನು ನಿಜ ಎಂದು ಯಂತ್ರ ಹಿಡಿಯುತ್ತದೆ. ಎರಡು ಹಳತಾಗಿ ಒಂದೇ ಸುಳ್ಳು ಹೇಳಿದರೆ, ನಿಜ ಹೇಳುವ ಮೂರನೆಯದ್ದೇ ಹೊರಗೆ. ಪಂಚಾಯ್ತಿಕೆಯಲ್ಲಿ ನಾವು ನೋಡದ್ದೇನಲ್ಲ! ಪರದೆ ಎಷ್ಟೇ ಸ್ಪಷ್ಟವಾಗಿ ತೋರಿಸಲಿ, ತೋರಿಸುವುದು ಸೆನ್ಸಾರ್ ಹೇಳಿದ್ದನ್ನು. ದಡದಲ್ಲಿ ಅದರ ತಾರೀಕು ನೋಡದವನು ನೀರೊಳಗೆ ಎಷ್ಟು ಗಮನವಿಟ್ಟು ನೋಡಿ ಏನು ಫಲ? ಯಾವ ಅಂಕಿ ಬಂದರೆ ತಿರುಗಬೇಕು ಎಂಬುದನ್ನೂ ದಡದಲ್ಲೇ, ಜೊತೆಗಾರನ ಎದುರೇ, ಬಾಯಿ ಬಿಟ್ಟು ಹೇಳಿರಬೇಕು. ಆಳದಲ್ಲಿ ನೈಟ್ರೋಜನ್ ಅಮಲು ಏರುತ್ತದೆ. ಅಮಲಿನಲ್ಲಿ ಅಂಕಿ ಓದಬಹುದು, ಆದರೆ 'ಇನ್ನೊಂದು ಐದು ನಿಮಿಷ ತೊಂದರೆ ಇಲ್ಲ' ಅಂತಲೂ ಅನ್ನಿಸುತ್ತದೆ.

ಈ ಮುಳುಗುಗಾರರಲ್ಲಿ ಒಂದು ನಿಯಮ ಉಂಟು, ನನಗೆ ಬಹಳ ಹಿಡಿಸಿತು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಮುಳುಗುವಿಕೆಯನ್ನು ನಿಲ್ಲಿಸಬಹುದು. ಕಲಿಯಲು ಬಂದ ಹುಡುಗನೂ ಗುರುವಿಗೆ ಹೇಳಬಹುದು. ಏಕೆ ಎಂದು ನೀರೊಳಗೆ ಕೇಳಬಾರದು, ಹೊರಗೆ ಬಂದು ಹಂಗಿಸಲೂಬಾರದು. ಅದರ ಸನ್ನೆ ಹೆಬ್ಬೆರಳು ಮೇಲೆತ್ತುವುದು. ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ 'ಲಾಯ್ಕುಂಟು' ಎಂದು ಅರ್ಥ, ಅಲ್ಲಿ 'ಸಾಕು, ಮೇಲೆ ಹೋಗೋಣ' ಎಂದು. ಒಬ್ಬ ಎತ್ತಿದರೆ ಇನ್ನೊಬ್ಬ ಅದೇ ಸನ್ನೆಯನ್ನು ತಿರುಗಿ ತೋರಿಸಬೇಕು, ಆಮೇಲೆ ಇಬ್ಬರೂ ಹೊರಡಬೇಕು. ಅದಕ್ಕೆ ಪರದೆಯಿಂದ ಕಣ್ಣು ತೆಗೆದು ಜೊತೆಗಾರನ ಕೈಯನ್ನು ನೋಡಬೇಕಾಗುತ್ತದೆ.