ಮನಸ್ಸು ಮಾಯುವ ಬೆರಗು

ತೊಡೆಯ ಮೇಲಿನ ಚೀಲ ಯಾವಾಗ ನೆಲಕ್ಕಿಳಿಯುತ್ತದೆ ಎಂದು ನಾನು ಕಾಯುತ್ತಿರುತ್ತೇನೆ. ಆಪ್ತಸಮಾಲೋಚನೆಗೆ ಮೊದಲ ಸಲ ಬಂದವರು ಕುರ್ಚಿಯ ಅಂಚಿನಲ್ಲೇ ಕೂರುತ್ತಾರೆ. ಚೀಲವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿರುತ್ತಾರೆ. “ಏನಿಲ್ಲ ಮೇಡಂ, ಸ್ವಲ್ಪ ಸುಸ್ತು, ಅಷ್ಟೇ. ಮನೆಯವರು ಹೋಗಿ ಬಾ ಅಂದ್ರು, ಅದಕ್ಕೆ ಬಂದೆ.” ಎರಡನೆಯ ಸಲವೋ ನಾಲ್ಕನೆಯ ಸಲವೋ, ಮಾತಿನ ನಡುವೆ ತಮಗೇ ತಿಳಿಯದಂತೆ ಚೀಲವನ್ನು ಕೆಳಗಿಡುತ್ತಾರೆ. ಬೆನ್ನು ಕುರ್ಚಿಗೆ ಒರಗುತ್ತದೆ. ಅಷ್ಟರಲ್ಲಿ ನಾನು ಮಾಡಿದ್ದಾದರೂ ಏನು? ಮಾತ್ರೆ ಕೊಟ್ಟಿಲ್ಲ, ಬುದ್ಧಿ ಹೇಳಿಲ್ಲ. ಕೇಳಿಸಿಕೊಳ್ಳುತ್ತಾ ಕೂತಿದ್ದೇನೆ. ಒಬ್ಬರು ಮನಸ್ಸಿಟ್ಟು ಕೇಳಿದರೆ ಇನ್ನೊಬ್ಬರೊಳಗೆ ಏನೋ ಸಡಿಲವಾಗುತ್ತದಲ್ಲ, ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಅದು ನನಗೆ ಮಾಮೂಲಿ ಅನ್ನಿಸಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಈ ಬೆರಗಿನ ಬೆನ್ನು ಹತ್ತಿ ಹೋದವರು. ಕೇಳುವವರು ಸೋಗು ಹಾಕಬಾರದು, ಎದುರಿಗಿರುವವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ಅವರ ಪಾಡನ್ನು ಅವರ ಜಾಗದಲ್ಲಿ ನಿಂತು ಅರಿಯಬೇಕು, ಆ ಅರಿವು ಅವರಿಗೂ ಮುಟ್ಟಬೇಕು. ಇವಿದ್ದರೆ ಮನುಷ್ಯ ಬದಲಾಗಲು ಸಾಕು ಎಂದು 1957ರ ಲೇಖನವೊಂದರಲ್ಲಿ ವಾದಿಸಿದರು. ಇಷ್ಟೇ ಸಾಕೇ ಎಂಬ ತಕರಾರು ಇಂದಿಗೂ ಇದೆ. ಇದು ಬೇಕು ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ.

ಕೇಳಿಸಿಕೊಳ್ಳುವುದರ ಬಲ ಎಂಥದ್ದೆಂದು ಯೋಚಿಸುವಾಗೆಲ್ಲ ನನಗೆ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನೆನಪಾಗುತ್ತಾರೆ. ನಾಜಿಗಳ ಕಾಲದ ಜರ್ಮನಿಯಿಂದ ಹುಡುಗನಾಗಿದ್ದಾಗಲೇ ಪಾರಾಗಿ ಬಂದು ನ್ಯೂಯಾರ್ಕಿನಲ್ಲಿ ಮನೋಚಿಕಿತ್ಸಕರಾದವರು. ಹಗಲೆಲ್ಲ ತಮ್ಮ ಕ್ಲಿನಿಕ್ಕಿನಲ್ಲಿ ದುಡಿದು, ರಾತ್ರಿ ಮಾದಕವ್ಯಸನಿಗಳು ಬರುತ್ತಿದ್ದ ಉಚಿತ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ಒಮ್ಮೆ ಮನೆಮಂದಿಯೊಂದಿಗೆ ಪ್ರವಾಸ ಹೊರಡಬೇಕಾದ ದಿನ ಹಾಸಿಗೆಯಿಂದ ಏಳಲೇ ಆಗಲಿಲ್ಲ. ಆಮೇಲೆ ಅವರು ಟೇಪ್ ರೆಕಾರ್ಡರಿನ ಎದುರು ಕೂತು ತಮ್ಮ ಪಾಡನ್ನು ಹೇಳಿಕೊಂಡರು. ನಂತರ ಆ ಟೇಪನ್ನು ರೋಗಿಯೊಬ್ಬರ ಮಾತು ಕೇಳುವಂತೆ ಕೇಳಿದರು. ತನ್ನದೇ ದನಿಯಲ್ಲಿ ದಣಿವಿನ ಜೊತೆಗೆ ಎಷ್ಟೊಂದು ಸಿಟ್ಟಿದೆ ಎಂದು ಆಗ ತಿಳಿಯಿತು. ದುಡಿದು ದುಡಿದು ಹೀಗೆ ಒಳಗೇ ಬರಿದಾಗುವುದನ್ನು ಬರ್ನ್‌ಔಟ್ ಎನ್ನುತ್ತಾರೆ. ಬರ್ನ್‌ಔಟ್ ಕುರಿತ ಅವರ ಮೊದಲ ಲೇಖನ ಬಂದದ್ದು 1974ರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆಯೆಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿತು. ಈ ವ್ಯತ್ಯಾಸ ದೊಡ್ಡದು. ರಾತ್ರಿ ಹನ್ನೊಂದಕ್ಕೂ ಮೇಲಧಿಕಾರಿಯ ಮೆಸೇಜು ಬರುವ ಕಚೇರಿ ಹಾಗೇ ಇದ್ದು, ನೌಕರನನ್ನು ಮಾತ್ರ ಸರಿಮಾಡಿ ಕಳಿಸಿ ಎನ್ನುವುದು ಅನ್ಯಾಯ. ನಾನು ಧ್ಯಾನ, ಉಸಿರಾಟ ಹೇಳಿಕೊಡಬಲ್ಲೆ. ಅದಕ್ಕಿಂತ ಮೊದಲು ಕೇಳುವ ಪ್ರಶ್ನೆ: “ಯಾರಿಗೆ ಆಗಲ್ಲ ಅಂತ ಹೇಳೋದು ನಿಮಗೆ ಕಷ್ಟ?” ಬಹಳ ಹೊತ್ತು ಸುಮ್ಮನಿದ್ದು ಉತ್ತರ ಕೊಡುತ್ತಾರೆ. ಎಷ್ಟೋ ಸಲ ಆ ಉತ್ತರ ಕಚೇರಿಯದ್ದಲ್ಲ, ಅಪ್ಪನದೋ ಅಣ್ಣನದೋ ಆಗಿರುತ್ತದೆ.

ಆಘಾತದ ವಿಷಯ ಇನ್ನೂ ಸೂಕ್ಷ್ಮ. ನಡೆದದ್ದನ್ನೆಲ್ಲ ಕೂಡಲೇ ಬಾಯಿಬಿಡಿಸಬೇಕು ಎಂಬ ನಂಬಿಕೆ ಒಂದು ಕಾಲಕ್ಕೆ ತಜ್ಞರಲ್ಲೂ ಇತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲವೆಂದು ಆಮೇಲೆ ಕಂಡುಬಂತು. ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಹೇಳಿದ ಕ್ರಮ ನನಗೆ ಇಂದಿಗೂ ದಾರಿ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಮತ್ತೆ ಬದುಕಿನೊಂದಿಗೆ, ಜನರೊಂದಿಗೆ ಬೆಸುಗೆ. ಘಾಟಿಯಲ್ಲಿ ಅಪಘಾತವಾಗಿ ಉಳಿದುಬಂದವರೊಬ್ಬರಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಹೊರಗೆ ರಸ್ತೆಯಲ್ಲಿ ಬ್ರೇಕು ಕಿರ್ರೆಂದರೆ ಸಾಕು, ಅವರ ಭುಜ ಕಿವಿಯವರೆಗೆ ಏರುತ್ತಿತ್ತು. ಅಪಘಾತ ಮುಗಿದುಹೋದದ್ದೆಂದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಿಲ್ಲ. ವಾರಗಟ್ಟಲೆ ನಾವು ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಿಗೆ ತಾಗುವ ನೆಲದ ತಂಪು ಗಮನಿಸುವುದು, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳುವುದು, ಉಸಿರನ್ನು ನಿಧಾನವಾಗಿ ಬಿಡುವುದು ಇಷ್ಟೇ. ನೆಲ ಗಟ್ಟಿಯಾದ ಮೇಲೆ ಒಂದು ದಿನ ಅವರೇ ಮಾತು ತೆಗೆದರು. ಅದಾಗಿ ಎಷ್ಟೋ ದಿನಕ್ಕೆ ಹೊರಗೆ ಅದೇ ಕಿರ್ರೆಂಬ ಸದ್ದು ಕೇಳಿತು. ಭುಜ ಏರಲಿಲ್ಲ. ಅವರು ಗಮನಿಸಲೂ ಇಲ್ಲ, ಮಾತು ಮುಂದುವರಿಸಿದರು. ನನ್ನ ಮೈ ಮಾತ್ರ ಜುಮ್ಮೆಂದಿತು. ನೆನಪು ಹೋಗಿಲ್ಲ, ಸದ್ದು ಬದಲಾಗಿಲ್ಲ. ಆದರೂ ಅದು ಈಗ ಹಳೆಯದಾಗಿತ್ತು.

ಬದುಕು ತಿರುವು ತೆಗೆದುಕೊಂಡಾಗ ಆಗುವ ಸಂಕಟಕ್ಕೆ ಹೆಸರೂ ಇರುವುದಿಲ್ಲ, ವಿಧಿಯೂ ಇರುವುದಿಲ್ಲ. ಸಾವಾದರೆ ಹನ್ನೊಂದನೆಯ ದಿನವಿದೆ, ವರ್ಷಾಬ್ದಿಕವಿದೆ, ಬಂದು ಕೂರುವ ನಂಟರಿದ್ದಾರೆ. ವಿಚ್ಛೇದನವಾದರೆ, ಕೆಲಸ ಹೋದರೆ, ಮಕ್ಕಳು ದೂರದೇಶಕ್ಕೆ ಹೊರಟುಹೋದರೆ ಬಂದು ಕೂರುವವರು ಯಾರು? ನಿವೃತ್ತಿಗಾದರೆ ಒಂದು ಶಾಲು, ಒಂದು ಹಾರ. ಮಾರನೆಯ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ಹೋಗಲು ಜಾಗವಿಲ್ಲದೆ ಜಗಲಿಯಲ್ಲಿ ಕೂರುವ ಬಸ್ ಚಾಲಕನಿಗೆ “ಇನ್ನಾದ್ರೂ ಆರಾಮಾಗಿರಿ” ಎನ್ನುತ್ತೇವೆ. ಕಳೆದುಕೊಂಡದ್ದನ್ನು ಕಳೆದುಕೊಂಡೆ ಎಂದು ಹೇಳಲೂ ಅವರಿಗೆ ಬಿಡುವುದಿಲ್ಲ. ಈ ಅವಸರದ ಸಮಾಧಾನ ನಮ್ಮ ಪ್ರೀತಿಯಿಂದಲೇ ಬರುತ್ತದೆ, ಆದರೆ ಅದು ಬಾಯಿ ಮುಚ್ಚಿಸುತ್ತದೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ “ಏನಿಲ್ಲ, ಸ್ವಲ್ಪ ಸುಸ್ತು” ಎಂದರೆ ದಯವಿಟ್ಟು ಕೂಡಲೇ ಪರಿಹಾರ ಹೇಳಬೇಡಿ. ಪಕ್ಕದಲ್ಲಿ ಕೂತು “ಹೇಳಿ” ಎನ್ನಿ. ನಿಮ್ಮ ಕೈಮೀರಿದ್ದು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.